ಹೊಸಬರು ಬರಿಗೈಯಲ್ಲಿ ಬರುವುದಿಲ್ಲ

ನಿವೃತ್ತ ಮೇಷ್ಟ್ರೊಬ್ಬರ ಹಳೆಯ ಲ್ಯಾಪ್‌ಟಾಪಿಗೆ ಈಚೆಗೆ ಲಿನಕ್ಸ್ ಹಾಕಿಕೊಟ್ಟೆ. ಅದರಲ್ಲಿ ಇದ್ದದ್ದು ವಿಂಡೋಸ್ 10. ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಕೇಳುವ ಭದ್ರತಾ ಚಿಪ್ ಆ ಯಂತ್ರದಲ್ಲಿ ಇರಲಿಲ್ಲ. ಚೆನ್ನಾಗಿ ಓಡುತ್ತಿರುವ ಯಂತ್ರವನ್ನು ಗುಜರಿಗೆ ಹಾಕುವುದೇಕೆ ಎಂದು ಮೇಷ್ಟ್ರು ಒಪ್ಪಿಕೊಂಡರು. ಹೊಸ ತೆರೆ ಬಂದಾಗ ಅವರಿಗೆ ಖುಷಿಯೇ ಆಯಿತು. ಬೇಗ ಶುರುವಾಗುತ್ತದೆ, ನೋಡಲು ಚಂದವಿದೆ ಎಂದರು. ಆಮೇಲೆ ಪೆನ್‌ಡ್ರೈವ್ ಚುಚ್ಚಿ ತಮ್ಮ ಫೈಲೊಂದನ್ನು ತೆರೆದರು. ತಮ್ಮೂರಿನ ಸೋಬಾನೆ ಪದಗಳನ್ನು ಇಪ್ಪತ್ತು ವರ್ಷ ಕೂಡಿಹಾಕಿದ ಫೈಲು ಅದು. ತೆರೆಯ ತುಂಬ ಟೋಪಿ, ಬಾಲ ಹಚ್ಚಿಕೊಂಡ ಇಂಗ್ಲಿಷ್ ಅಕ್ಷರಗಳು. ಒಂದೇ ಒಂದು ಕನ್ನಡದ ಅಕ್ಷರವಿಲ್ಲ.

"ಏನಪ್ಪಾ, ನನ್ನ ಹಾಡೆಲ್ಲ ಎಲ್ಲಿ ಹೋದವು?" ಎಂದರು.

ಹೋಗಿರಲಿಲ್ಲ. ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಕನ್ನಡ ಫಾಂಟುಗಳು ಅಕ್ಷರಕ್ಕೆ ಸಂಖ್ಯೆ ಕೊಡುತ್ತಿರಲಿಲ್ಲ. ಅಕ್ಷರದ ತುಂಡುಗಳಿಗೆ, ಅಂದರೆ ತಲೆಕಟ್ಟು, ಕೊಂಬು, ಒತ್ತುಗಳಿಗೆ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಸೀಟು ಕೊಡುತ್ತಿದ್ದವು. ಆ ಫಾಂಟು ಇದ್ದರೆ ಕನ್ನಡ ಕಾಣುತ್ತದೆ, ಇಲ್ಲದಿದ್ದರೆ ಇಲ್ಲ. ಇದು ಲಿನಕ್ಸಿನ ತಪ್ಪಲ್ಲ. ಆ ಫಾಂಟಿಲ್ಲದ ಯಾವ ಕಂಪ್ಯೂಟರಿನಲ್ಲಿ ತೆರೆದರೂ ಹೀಗೇ ಆಗುತ್ತದೆ. ಆದರೆ ಮೇಷ್ಟ್ರ ಪಾಲಿಗೆ ನಿನ್ನೆ ಇದ್ದ ಹಾಡು ಇವತ್ತಿಲ್ಲ, ನಡುವೆ ಬದಲಾದದ್ದು ಲಿನಕ್ಸ್ ಒಂದೇ. ಅವರು ಯಾರನ್ನು ದೂರಬೇಕು?

ಸ್ವತಂತ್ರ ಡೆಸ್ಕ್‌ಟಾಪ್ ಹೊಸಬರನ್ನು ಯಾಕೆ ಹಿಡಿದಿಟ್ಟುಕೊಳ್ಳುವುದಿಲ್ಲ ಎಂಬ ಚರ್ಚೆ ಇಪ್ಪತ್ತೈದು ವರ್ಷದಿಂದ ನಡೆಯುತ್ತಿದೆ. ಅದನ್ನು ಓದುತ್ತ ಹೋದರೆ ನನಗೆ ಒಂದು ಸಂಗತಿ ಮತ್ತೆ ಮತ್ತೆ ಕಾಣುತ್ತದೆ. ಅಲ್ಲಿ ಕಲ್ಪಿಸಿಕೊಂಡಿರುವ ಹೊಸಬ ಬರಿಗೈಯಲ್ಲಿ ಬರುತ್ತಾನೆ. ಅವನಿಗೆ ಕಣ್ಣಿದೆ, ಕುತೂಹಲವಿದೆ. ಹೆಗಲ ಮೇಲೆ ಗಂಟಿಲ್ಲ. ನಿಜವಾದ ಹೊಸಬರು ಗಂಟು ಹೊತ್ತೇ ಬರುತ್ತಾರೆ. ಹಳೆಯ ಫೈಲುಗಳು, ಬೆರಳಿಗೆ ಅಂಟಿದ ಕೀಲಿಮಣೆ, ನಾಳೆ ಬೆಳಿಗ್ಗೆ ಕೊಡಬೇಕಾದ ಕೆಲಸ ಎಲ್ಲ ಆ ಗಂಟಿನಲ್ಲಿರುತ್ತವೆ.

2004ರಲ್ಲಿ ಉಬುಂಟು ಹುಟ್ಟಿದಾಗ ಅದರ ಸ್ಥಾಪಕ ಮಾರ್ಕ್ ಶಟಲ್‌ವರ್ತ್ ದೋಷಗಳ ಪಟ್ಟಿಯಲ್ಲಿ ಮೊದಲನೆಯ ದೋಷ ಎಂದು ಬರೆದದ್ದು, ಮಾರುಕಟ್ಟೆಯ ಬಹುಪಾಲು ಮೈಕ್ರೋಸಾಫ್ಟಿನ ಕೈಯಲ್ಲಿದೆ ಎಂಬುದನ್ನು. ಅದು ತುಂಟತನದ, ಧೈರ್ಯದ ಮಾತು. ಉಬುಂಟು ಬರೀ ಮಾತಾಡಿ ಸುಮ್ಮನಾಗಲಿಲ್ಲ. ಕೇಳಿದವರ ಮನೆಗೆ 2011ರವರೆಗೂ ಪುಕ್ಕಟೆಯಾಗಿ ಸಿಡಿ ಕಳಿಸಿತು. ಆದರೂ ಆ ವಾಕ್ಯವನ್ನು ಒಂದು ಪಠ್ಯದಂತೆ ಓದಿ ನೋಡಿ. ಅದರಲ್ಲಿ ಎದುರಾಳಿ ಇದ್ದಾನೆ, ಬಳಕೆದಾರ ಇಲ್ಲ. 2013ರಲ್ಲಿ ಶಟಲ್‌ವರ್ತ್ ಅದೇ ದೋಷವನ್ನು ಮುಚ್ಚಿದರು. ಅಷ್ಟರಲ್ಲಿ ಜನ ಫೋನು, ಟ್ಯಾಬ್ಲೆಟ್ಟಿಗೆ ಹೋಗಿದ್ದರು, ಮೈಕ್ರೋಸಾಫ್ಟಿನ ಹಿಡಿತ ಸಡಿಲಿಸಿತ್ತು. ಅವರ ಕೈಗೆ ಬಂದ ಆಂಡ್ರಾಯ್ಡಿನ ತಳದಲ್ಲಿ ಇದ್ದದ್ದೂ ಲಿನಕ್ಸ್ ಕರ್ನೆಲ್ಲೇ. ಆದರೆ ಅದನ್ನು ಯಾರೂ ಸೊಗಸಿಗೆ ಮರುಳಾಗಿ ಹಾಕಿಸಿಕೊಳ್ಳಲಿಲ್ಲ. ಅಂಗಡಿಯಲ್ಲಿ ಕೊಂಡ ಫೋನಿನೊಳಗೆ ಅದು ಮೊದಲೇ ಇತ್ತು.

ಡೆಸ್ಕ್‌ಟಾಪಿನ ಒಳಗೆ ನಡೆದ ವಾದ ಇನ್ನೊಂದು ಬಗೆಯದು. 2001ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಗ್ನೋಮ್ ಡೆಸ್ಕ್‌ಟಾಪಿನ ಮುಂದೆ ಬಳಕೆದಾರರನ್ನು ಕೂರಿಸಿ, ಅವರು ಎಲ್ಲಿ ಎಡವುತ್ತಾರೆ ಎಂದು ನೋಡಿ ವರದಿ ಬರೆಯಿತು. ಮರುವರ್ಷ ಬಂದ ಗ್ನೋಮ್ 2 ಅನೇಕ ಆಯ್ಕೆಗಳನ್ನು ಕಿತ್ತುಹಾಕಿತು. ಒಂದೊಂದು ಆಯ್ಕೆಗೂ ಒಂದೊಂದು ಬೆಲೆ ಇದೆ ಎಂದು ಹಾವಕ್ ಪೆನ್ನಿಂಗ್ಟನ್ ಅದೇ ಕಾಲದಲ್ಲಿ ವಾದಿಸಿದರು. ನನಗೆ ಅದು ಇವತ್ತಿಗೂ ಸರಿಯೆನಿಸುತ್ತದೆ. 2011ರ ಗ್ನೋಮ್ 3 ಇನ್ನೂ ಮುಂದೆ ಹೋಗಿ, ಕಿಟಕಿಯನ್ನು ಕೆಳಗಿಳಿಸುವ ಗುಂಡಿಯನ್ನೇ ತೆಗೆಯಿತು. ಸಿಟ್ಟಾದವರು ಮಾಟೆ, ಸಿನಮನ್ ಎಂಬ ಬೇರೆ ಡೆಸ್ಕ್‌ಟಾಪುಗಳನ್ನು ಕಟ್ಟಿದರು. ಹಳೆಯ ವಿಂಡೋಸಿನಂತೆ ಎಡಮೂಲೆಯಲ್ಲಿ ಮೆನು, ಕೆಳಗೊಂದು ಪಟ್ಟಿ. ವಿಂಡೋಸಿನಿಂದ ಬಂದವರಿಗೆ ಲಿನಕ್ಸ್ ಮಿಂಟ್ ಹಾಕಿಕೊಳ್ಳಿ ಎಂದು ಇವತ್ತಿಗೂ ಹೇಳುವುದು ಈ ಹೋಲಿಕೆಯ ಬಲದ ಮೇಲೆಯೇ.

ಒಂದು ಪಕ್ಷ ಹೊಸಬನ ದಾರಿಯಿಂದ ಸಾಮಾನು ತೆಗೆದಿಟ್ಟಿತು. ಇನ್ನೊಂದು ಪಕ್ಷ ಅವನ ಹಳೆಯ ಮನೆಯಂತೆಯೇ ಕೋಣೆ ಅಲಂಕರಿಸಿತು. ಎರಡೂ ಒಳ್ಳೆಯ ಕೆಲಸವೇ. ಆದರೆ ಹೆಗಲ ಗಂಟನ್ನು ಎಲ್ಲಿ ಇಳಿಸಬೇಕು ಎಂದು ಇಬ್ಬರೂ ಹೇಳಲಿಲ್ಲ.

ಅದನ್ನು ಹೇಳಿದ ಕಡೆ ಏನಾಯಿತು ಎಂಬುದಕ್ಕೆ ನೆರೆಯ ಕೇರಳ ಇದೆ. ಅಲ್ಲಿ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳಲ್ಲಿ ಓಡುವುದು ಸ್ವತಂತ್ರ ತಂತ್ರಾಂಶ. ಕೈಟ್ ಸಂಸ್ಥೆ ಉಬುಂಟುವನ್ನು ಆಧಾರವಾಗಿಟ್ಟುಕೊಂಡು ಶಾಲೆಗಳಿಗೆಂದೇ ಒಂದು ಆವೃತ್ತಿ ತಯಾರಿಸುತ್ತದೆ. ಪಠ್ಯಪುಸ್ತಕಕ್ಕೆ ಬೇಕಾದ ತಂತ್ರಾಂಶಗಳು ಅದರಲ್ಲೇ ಇರುತ್ತವೆ, ಮೇಷ್ಟ್ರುಗಳಿಗೆ ಅದರಲ್ಲೇ ತರಬೇತಿ, ಮಕ್ಕಳಿಗೆ ಅದರಲ್ಲೇ ಪರೀಕ್ಷೆ. ಮಲಯಾಳದ ಫಾಂಟು, ಅನುವಾದಗಳ ಕೆಲಸವನ್ನು ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್ ಎಂಬ ಬಳಗ 2002ರಿಂದ ಮಾಡುತ್ತ ಬಂದಿದೆ. ಅಲ್ಲಿನ ಮಗು ಲಿನಕ್ಸನ್ನು ಮೆಚ್ಚಿ ಆರಿಸಿಕೊಂಡದ್ದಲ್ಲ. ಅದರ ಕೆಲಸ ಅಲ್ಲೇ ಆಗುತ್ತದೆ, ಎಡವಿದರೆ ಪಕ್ಕದಲ್ಲೇ ಗೊತ್ತಿರುವವರು ಇದ್ದಾರೆ. ವಿಂಡೋಸ್ 10 ಮುಗಿಯುವ ಹೊತ್ತಿಗೆ ಕೆಡಿಇ ಮೊದಲಾದ ಬಳಗಗಳು ನಡೆಸಿದ 'ಎಂಡ್ ಆಫ್ 10' ಅಭಿಯಾನದಲ್ಲೂ ನನಗೆ ಹಿಡಿಸಿದ್ದು, ಲಿನಕ್ಸ್ ಹಾಕಿಕೊಡುವ ಹತ್ತಿರದ ಜನರನ್ನು ತೋರಿಸುವ ಪಟ್ಟಿ.

ಈಗ ಕನ್ನಡದ ಗಂಟನ್ನು ಬಿಚ್ಚೋಣ. ಮೊದಲನೆಯದು ಕೀಲಿಮಣೆ. ಕೆ. ಪಿ. ರಾವ್ ರೂಪಿಸಿದ, ನುಡಿ ಬಳಸಿದವರಿಗೆಲ್ಲ ಗೊತ್ತಿರುವ ವಿನ್ಯಾಸ ಲಿನಕ್ಸಿನಲ್ಲಿ ಇದೆ, ಕಗಪ ಎಂಬ ಹೆಸರಿನಲ್ಲಿ. ಹೊಸದೇನನ್ನೂ ಹಾಕಬೇಕಿಲ್ಲ. ಆದರೆ ಸೆಟ್ಟಿಂಗ್ಸಿನ ಒಳಗೆ ಹೋಗಿ, ಭಾಷೆಗಳ ಉದ್ದ ಪಟ್ಟಿಯಲ್ಲಿ ಅದನ್ನು ಹುಡುಕಿ ಸೇರಿಸಿಕೊಳ್ಳಬೇಕು. ಹಾಗೊಂದು ಇದೆ ಎಂದು ಮೊದಲೇ ಗೊತ್ತಿದ್ದವರಿಗೆ ಮಾತ್ರ ಅದು ಸಿಗುತ್ತದೆ.

ಎರಡನೆಯದು ತೆರೆಯ ಮೇಲಿನ ಕನ್ನಡ. ಗ್ನೋಮಿನ ಕನ್ನಡ ಅನುವಾದದಲ್ಲಿ ಡೆಸ್ಕ್‌ಟಾಪಿಗೆ ಗಣಕತೆರೆ, ಫೋಲ್ಡರಿಗೆ ಕಡತಕೋಶ, ಪಾಸ್‌ವರ್ಡಿಗೆ ಗುಪ್ತಪದ ಎಂಬ ಮಾತುಗಳಿವೆ. ಗುಪ್ತಪದ ಚೆನ್ನಾಗಿದೆ, ಕೇಳಿದೊಡನೆ ಅರ್ಥವಾಗುತ್ತದೆ. ಗಣಕತೆರೆಗೆ ಆ ಭಾಗ್ಯವಿಲ್ಲ. ಈ ಅನುವಾದಕರ ಶ್ರಮವನ್ನು ಹಗುರವಾಗಿ ನೋಡುವ ಮನಸ್ಸು ನನಗಿಲ್ಲ. ಸಾವಿರಾರು ಸಾಲುಗಳನ್ನು ಕನ್ನಡಕ್ಕೆ ತರುವುದು ಸುಮ್ಮನೆ ಅಲ್ಲ. ನನ್ನ ತಕರಾರು ಬಳಕೆಯದು. ಫೋನಿನಲ್ಲಿ ಸಹಾಯ ಮಾಡುವವರು "ಫೋಲ್ಡರ್ ಓಪನ್ ಮಾಡಿ" ಅನ್ನುತ್ತಾರೆ, ತೆರೆ ಕಡತಕೋಶ ಅನ್ನುತ್ತದೆ. ಸಹಾಯ ಕೇಳಿದವರು ನಡುವೆ ಸಿಕ್ಕಿಕೊಳ್ಳುತ್ತಾರೆ. ಕೊನೆಗೆ "ಇಂಗ್ಲಿಷಿಗೇ ಹಾಕಿಬಿಡಪ್ಪ" ಅನ್ನುತ್ತಾರೆ. ಜನ ಆಡುವ ಮಾತನ್ನು ತೆರೆಗೆ ತಂದರೆ ಕನ್ನಡ ಬಡವಾಗುವುದಿಲ್ಲ, ಕನ್ನಡದ ತೆರೆಯನ್ನು ಇಟ್ಟುಕೊಳ್ಳುವವರು ಹೆಚ್ಚಾಗುತ್ತಾರೆ.

ಮೂರನೆಯದು, ಎಲ್ಲಕ್ಕಿಂತ ಭಾರವಾದದ್ದು, ಮೇಷ್ಟ್ರ ಫೈಲು. ಕನ್ನಡದ ಸಾಹಿತ್ಯ, ಜಾನಪದ, ಇತಿಹಾಸಗಳಲ್ಲಿ ಕೆಲಸ ಮಾಡಿದ ಒಂದು ತಲೆಮಾರಿನ ಬರಹವೆಲ್ಲ ಇಂಥ ಫಾಂಟುಗಳಲ್ಲಿ ಕೂತಿದೆ. ಅದನ್ನು ಯೂನಿಕೋಡಿಗೆ ಬದಲಿಸುವ ಸ್ವತಂತ್ರ ಪರಿವರ್ತಕಗಳು ಇವೆ. ಆದರೆ ಅವು ಎಲ್ಲೋ ಇವೆ, ಫೈಲು ಇನ್ನೆಲ್ಲೋ ಇದೆ. ಇಂಥ ಫೈಲು ತೆರೆದೊಡನೆ ಡೆಸ್ಕ್‌ಟಾಪೇ ಗುರುತಿಸಿ, ಇದು ಹಳೆಯ ಕನ್ನಡ ಫಾಂಟಿನ ಬರಹದಂತಿದೆ, ಬದಲಿಸಿಕೊಡಲೇ ಎಂದು ಕೇಳಿದರೆ? ಅದಕ್ಕೆ ಹೊಸ ಐಕಾನು ಬೇಡ, ಹೊಸ ಬಣ್ಣ ಬೇಡ. ಕರ್ನಾಟಕದ ಮೇಷ್ಟ್ರುಗಳು, ಸಂಶೋಧಕರು, ಪತ್ರಿಕೆಯವರನ್ನು ಕರೆಯಲು ಅದಕ್ಕಿಂತ ದೊಡ್ಡ ಆಕರ್ಷಣೆ ನನಗಂತೂ ತೋಚುವುದಿಲ್ಲ. ಮೂಲಸಂಕೇತ ಎಲ್ಲರಿಗೂ ತೆರೆದಿರುವುದರಿಂದ, ಬೇರೆ ಊರಿನ ಕಂಪನಿಯ ಅಪ್ಪಣೆಗೆ ಕಾಯದೆ ನಾವೇ ಅದನ್ನು ಮಾಡಿಕೊಳ್ಳಬಹುದು.

ಇಂಗ್ಲಿಷಿನ ಫ್ರೀ ಎಂಬ ಪದಕ್ಕೆ ಪುಕ್ಕಟೆ, ಸ್ವತಂತ್ರ ಎಂಬ ಎರಡರ್ಥ ಇರುವುದರಿಂದ ಈ ಚಳವಳಿಯವರು ಅದನ್ನು ಬಿಡಿಸಿ ಹೇಳುವುದರಲ್ಲೇ ದಣಿದಿದ್ದಾರೆ. ಕನ್ನಡಕ್ಕೆ ಆ ಕಷ್ಟವಿಲ್ಲ. ಆದರೂ ನಾವು ಲಿನಕ್ಸನ್ನು ಪರಿಚಯಿಸುವುದು ಪುಕ್ಕಟೆ ಎಂದೇ. ವಿಂಡೋಸ್ ಲ್ಯಾಪ್‌ಟಾಪಿನ ಬೆಲೆಯೊಳಗೆ ಸೇರಿಕೊಂಡು ಬರುವುದರಿಂದ ಅದಕ್ಕೆ ದುಡ್ಡು ಕೊಟ್ಟಂತೆ ಯಾರಿಗೂ ಅನ್ನಿಸುವುದಿಲ್ಲ. ಹೀಗಿರುವಾಗ ಪುಕ್ಕಟೆ ಎಂಬುದಕ್ಕೆ ಏನು ಬೆಲೆ? ಇನ್ನು ಸ್ವಾತಂತ್ರ್ಯ ಎಂದರೆ ಭಾಷಣದಂತೆ ಕೇಳಿಸುತ್ತದೆ. ಮೇಷ್ಟ್ರ ಫೈಲಿನ ಮುಂದೆ ಕೂತಾಗ ಮಾತ್ರ ಅದು ಭಾಷಣವಾಗಿರಲಿಲ್ಲ. ತಾವೇ ಕೇಳಿ, ತಾವೇ ಟೈಪು ಮಾಡಿದ ಹಾಡನ್ನು ಓದಲು ಇನ್ನೊಬ್ಬರ ಫಾಂಟಿನ ಹಂಗು ಬೇಕಾಗಿತ್ತು. ಅಕ್ಷರಕ್ಕೆ ಎಲ್ಲರೂ ಒಪ್ಪಿದ ಒಂದೇ ಸಂಖ್ಯೆ ಇರಬೇಕು, ಫೈಲನ್ನು ಯಾವ ಯಂತ್ರವಾದರೂ ಓದಬೇಕು ಎಂದು ಹೇಳಿದಾಗ ಅವರು ತಲೆಯಾಡಿಸಿದರು. ತಮ್ಮ ಗಂಟಿನಲ್ಲೇ ಅದಕ್ಕೆ ಸಾಕ್ಷಿ ಇತ್ತು.

ಪರಿವರ್ತಕದಲ್ಲಿ ಹಾಕಿ ಫೈಲನ್ನು ಯೂನಿಕೋಡಿಗೆ ತಂದೆ. ಕೆಲವು ಒತ್ತಕ್ಷರಗಳು ಕೆಟ್ಟಿದ್ದವು. ಎರಡು ಸಂಜೆ ಮೇಷ್ಟ್ರು ಹಾಡಿಕೊಳ್ಳುತ್ತ ಹೋದರು, ರಾಗ ಎಡವಿದ ಕಡೆ ನಾನು ತಿದ್ದುತ್ತ ಹೋದೆ. ಮುಗಿದ ಮೇಲೆ ಅವರು ಕೇಳಿದ್ದು ಒಂದೇ: "ಇದನ್ನ ಇನ್ನೊಬ್ಬರಿಗೆ ಕಳಿಸಿದ್ರೆ ಅವರ ಕಂಪ್ಯೂಟರಿನಲ್ಲೂ ಕಾಣ್ತದಾ?" ಕಾಣ್ತದೆ ಸಾರ್ ಎಂದೆ. ಅವತ್ತೇ ಮಗಳಿಗೆ ಕಳಿಸಿದರು.