ಕೌದಿಯ ಬೆನ್ನು ನೋಡಿ: ರಸಿಕರಿಗೊಂದು ಕೈಪಿಡಿ

ಹಳೆ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿದ ಕೌದಿ ಕೈಗೆ ಸಿಕ್ಕರೆ ಮೊದಲು ಅದನ್ನು ಮಗುಚಿ ಹಾಕಿ. ಮುಂಭಾಗದ ಬಣ್ಣ ಯಾರನ್ನಾದರೂ ಸೆಳೆಯುತ್ತದೆ. ಹೊಲಿದವರ ಕೈ ತಿಳಿಯುವುದು ಬೆನ್ನಿನಲ್ಲಿ. ಸಾಮಾನ್ಯವಾಗಿ ಅಲ್ಲೊಂದು ಹಳೆಯ ಸೀರೆ ಹರಡಿರುತ್ತದೆ, ಅದರ ಮೇಲೆ ದಾರದ ಸಾಲುಗಳಷ್ಟೇ. ಸಾಲುಗಳು ಎಲ್ಲಿ ಒತ್ತಾಗಿವೆ, ಎಲ್ಲಿ ವಿರಳವಾಗಿವೆ, ಮೂಲೆಯಲ್ಲಿ ಹೇಗೆ ತಿರುಗಿವೆ, ಒಂದು ದಾರ ಮುಗಿದು ಇನ್ನೊಂದು ಎಲ್ಲಿ ಶುರುವಾಗಿದೆ ಎಂದು ನಿಧಾನವಾಗಿ ನೋಡಿ. ಆಮೇಲೆ ಕೌದಿಯನ್ನು ಕಿಟಕಿಯ ಪಕ್ಕ ಹಿಡಿಯಿರಿ. ಓರೆಯಾಗಿ ಬೀಳುವ ಬೆಳಕಿನಲ್ಲಿ, ಪ್ರತಿ ಹೊಲಿಗೆ ಬಟ್ಟೆಯ ಪದರಗಳನ್ನು ಜಗ್ಗಿ ಎಬ್ಬಿಸಿದ ಸಣ್ಣ ಸಣ್ಣ ಉಬ್ಬುಗಳು ಕಾಣುತ್ತವೆ. ಕೌದಿಯ ಜೀವಾಳ ಇದೇ ಎಂದು ನಾನು ನಂಬಿದ್ದೇನೆ. ತುಂಡುಗಳ ಬಣ್ಣಕ್ಕೆ ಎರಡನೆಯ ಮಣೆ.

ಹೀಗೆ ನೋಡುವುದನ್ನು ಕಲಿಯಲು ನಮ್ಮ ನಾಡಿನಲ್ಲಿ ಸಿದ್ದಿ ಹೆಂಗಸರ ಕೌದಿಯಾದ ಕವಂದಿಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಈ ಸಮುದಾಯದ ಹಿರಿಯರು ಆಫ್ರಿಕಾದಿಂದ ಬಂದವರು. ಕವಂದಿ ಹೊಲಿಯುವಾಕೆ ಮೊದಲೇ ನಕ್ಷೆ ಬರೆದುಕೊಳ್ಳುವುದಿಲ್ಲ. ಹಳೆ ಸೀರೆಯನ್ನು ಹಾಸಿ, ಒಂದು ಮೂಲೆಯಿಂದ ಶುರುಮಾಡಿ, ಅಂಚಿನುದ್ದಕ್ಕೂ ತುಂಡುಗಳನ್ನು ಮಡಿಸಿ ಕೂರಿಸುತ್ತ, ಸುತ್ತು ಸುತ್ತಾಗಿ ಒಳಕ್ಕೆ ಬರುತ್ತಾಳೆ. ತುಂಡು ಜೋಡಿಸುವ ಹೊಲಿಗೆ ಬೇರೆ, ಪದರ ಹಿಡಿಯುವ ಹೊಲಿಗೆ ಬೇರೆ ಅಲ್ಲ. ಎರಡೂ ಒಂದೇ ಸಾಲು. ಹಾಗಾಗಿ ಅದರ ನಡುಭಾಗವೇ ಆಕೆಯ ಕೊನೆಯ ತೀರ್ಮಾನ. ನೀವೂ ಅದೇ ದಾರಿಯಲ್ಲಿ ನೋಡಿ: ಕಣ್ಣನ್ನು ಅಂಚಿನಿಂದ ಸುತ್ತಿಸಿ ನಡುವಿಗೆ ತನ್ನಿ. ನಾಲ್ಕು ಮೂಲೆಗೂ ಬಟ್ಟೆಯನ್ನು ಮಡಿಸಿ ಕೂರಿಸಿದ ‘ಫೂಲ’ ಇರಬೇಕು, ಇಲ್ಲದಿದ್ದರೆ ಕವಂದಿ ಬೆತ್ತಲೆ ಎನ್ನುತ್ತಾರೆ. ಹೊಲಿಗೆ ಮುಗಿಯುವ ಮುನ್ನ ಒಳಗೆ ಅಕ್ಕಿಕಾಳು ಹಾಕುವ ರೂಢಿಯೂ ಇದೆ. ಕವಂದಿಯ ಹೊಟ್ಟೆಯೂ ತುಂಬಬೇಕು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವುಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಕವಂದಿಗಳು ಗೋಡೆ ಏರಿದವು. ಗೋಡೆ ಏರಿದ್ದರಿಂದ ಅವು ಕಲೆಯಾದವು ಎಂದು ಮಾತ್ರ ತಿಳಿಯಬೇಡಿ. ಮಗುವಿನ ಮೈಮೇಲೆ ಇದ್ದಾಗಲೂ ಅವು ಅಷ್ಟೇ ಕಲೆ.

ಹೊಲಿಯಲು ಕೂರುವವರು ಕೇಳುವ ಪ್ರಶ್ನೆ ಬೇರೆ: ಹೊಸದು ಎಲ್ಲಿಂದ ತರಲಿ? ಮಂಡ್ಯ ಸೀಮೆಯವರು ದೂರ ಹೋಗಬೇಕಿಲ್ಲ, ಸುತ್ತಲಿನ ಹಳೆಯ ಗುಡಿ, ಗೋಡೆಗಳೇ ಸಾಕು. ಶಿಲಾಬಾಲಿಕೆಯ ಫೋಟೋ ತೆಗೆದು ಬಟ್ಟೆಗೆ ಅಚ್ಚು ಹಾಕಿಸುವ ದಾರಿಯನ್ನು ಮಾತ್ರ ಬಿಡಿ. ಆಕೃತಿಯನ್ನು ಎತ್ತಿಕೊಂಡರೆ ನಕಲು ಸಿಗುತ್ತದೆ, ಜೋಡಣೆಯನ್ನು ಎತ್ತಿಕೊಂಡರೆ ನಿಮ್ಮದೇ ಕೆಲಸ ಹುಟ್ಟುತ್ತದೆ.

ಕೆ.ಆರ್. ಪೇಟೆಯ ಪಕ್ಕದ ಹೊಸಹೊಳಲಿಗೆ ಹೋಗಿ. 13ನೇ ಶತಮಾನದ ನಡುವಿನ ಲಕ್ಷ್ಮೀನಾರಾಯಣ ದೇವಾಲಯದ ಅಡಿಭಾಗದಲ್ಲಿ ಆರು ಪಟ್ಟಿಕೆಗಳಿವೆ. ತಳದಲ್ಲಿ ಆನೆ, ಮೇಲೆ ಕುದುರೆ ಸವಾರರು, ಬಳ್ಳಿ, ಪುರಾಣದ ಕಥೆ, ಮಕರ, ತುದಿಯಲ್ಲಿ ಹಂಸ. ಭಾರ ಕೆಳಗೆ, ಹಗುರ ಮೇಲೆ. ಆನೆಯ ಸಾಲು ನಿಧಾನ, ಬಳ್ಳಿಯದು ಬಳುಕು, ಕಥೆಯ ಪಟ್ಟಿಕೆ ಮಾತ್ರ ನಿಂತು ಓದಿಸಿಕೊಳ್ಳುತ್ತದೆ. ಆನೆಗಳೆಲ್ಲ ಒಂದೇ ಮೆರವಣಿಗೆಯವು, ಆದರೆ ಸೊಂಡಿಲನ್ನೊಮ್ಮೆ ಹೋಲಿಸಿ ನೋಡಿ. ನಕ್ಷತ್ರದಂತೆ ಮೂಲೆ ಮೂಲೆಯಾಗಿ ಹೊರಟ ಜಗಲಿಯನ್ನು ಬೆಳಿಗ್ಗೆ ಒಮ್ಮೆ, ಇಳಿಹೊತ್ತಿನಲ್ಲಿ ಒಮ್ಮೆ ಸುತ್ತಿ. ಅದೇ ಕಲ್ಲು ಎರಡು ಬಣ್ಣ ತೋರುತ್ತದೆ. ಒಂದೇ ಸೀರೆಯ ತುಂಡುಗಳನ್ನು ದಿಕ್ಕು ಬದಲಿಸಿ ಹೊಲಿದರೆ ಏನಾಗುತ್ತದೆಂಬುದಕ್ಕೆ ಉತ್ತರ ಅಲ್ಲಿದೆ. ಪೆನ್ಸಿಲ್ ಒಯ್ಯಿರಿ. ಪಟ್ಟಿಕೆಗಳ ಎತ್ತರದ ಅನುಪಾತವನ್ನಷ್ಟೇ ಬರೆದುಕೊಂಡು ಬನ್ನಿ.

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆ 1784ರದು. ಅದರ ಪಶ್ಚಿಮದ ಗೋಡೆಯಲ್ಲಿ ಇಂಗ್ಲಿಷರೊಂದಿಗಿನ 1780ರ ಪೊಲ್ಲಿಲೂರು ಯುದ್ಧದ ಚಿತ್ರವಿದೆ. ಬಣ್ಣವನ್ನು 19ನೇ ಶತಮಾನದಲ್ಲಿ ಮತ್ತೆ ತುಂಬಿದ್ದಾರೆ, ಆದ್ದರಿಂದ ಬಣ್ಣಕ್ಕಿಂತ ವಿನ್ಯಾಸವನ್ನು ಗಮನಿಸಿ. ಸಾಲು ಸಾಲು ಸೈನಿಕರು, ಸಾಲು ಸಾಲು ಕುದುರೆಗಳು. ನಡುವೆ ಇಂಗ್ಲಿಷರ ಮದ್ದಿನ ಬಂಡಿ ಸಿಡಿದ ಒಂದೇ ಜಾಗದಲ್ಲಿ ಕ್ರಮ ಮುರಿಯುತ್ತದೆ. ಸುತ್ತಲಿನ ಕ್ರಮ ಅಷ್ಟು ಗಟ್ಟಿಯಾಗಿರುವುದರಿಂದಲೇ ಆ ಸಿಡಿತ ತಟ್ಟುವುದು. ಎಲ್ಲೆಡೆ ಗದ್ದಲ ಎಬ್ಬಿಸುವ ಹೊಸ ಕೌದಿಗಳನ್ನು ಕಂಡಾಗಲೆಲ್ಲ ಈ ಗೋಡೆ ನನಗೆ ನೆನಪಾಗುತ್ತದೆ.

ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿ ಕಲಿಸುವುದು ಸಂಯಮ. ಗಂಗರ ಕಾಲದ ಪಂಚಕೂಟ ಬಸದಿಯಲ್ಲಿ ತಲೆ ಎತ್ತಿದರೆ ನಡುವೆ ಜಿನ, ಸುತ್ತ ಎಂಟು ದಿಕ್ಪಾಲಕರು. ಒಂಬತ್ತು ಮನೆಗಳ ಈ ಚೌಕವನ್ನು ಜಗತ್ತಿನ ಎಷ್ಟೋ ಕೌದಿ ಪರಂಪರೆಗಳು ತಮ್ಮದಾಗಿ ಕಂಡುಕೊಂಡಿವೆ.

ಬಟ್ಟೆಗಾಗಿ ಪಾಂಡವಪುರದ ಮೇಲುಕೋಟೆಗೆ ಹತ್ತಿ. ಸುರೇಂದ್ರ ಕೌಲಗಿಯವರು 1960ರಲ್ಲಿ ಕಟ್ಟಿದ ಜನಪದ ಸೇವಾ ಟ್ರಸ್ಟ್ ಅಲ್ಲಿ ಖಾದಿಯ ಕೆಲಸವನ್ನು ಬೆಳೆಸಿತು. ಕೈನೂಲಿನ ಬಟ್ಟೆಯಲ್ಲಿ ಎಳೆ ಒಂದೆಡೆ ದಪ್ಪ, ಒಂದೆಡೆ ಸಣ್ಣ. ಗಿಡಮೂಲದ ಬಣ್ಣವೂ ಹಾಗೆಯೇ ಹೆಚ್ಚುಕಡಿಮೆಯಾಗಿ ಹಿಡಿಯುತ್ತದೆ. ಒಗೆದು ಒಗೆದು ಮಾಸಿದ ಸೀರೆಯ ಜೊತೆ ಇಂಥ ಬಟ್ಟೆ ಹೊಂದುತ್ತದೆ. ಹೊಳೆಯುವ ಪಾಲಿಸ್ಟರ್ ಪಕ್ಕಕ್ಕೆ ಬಂದರೆ ಎರಡೂ ಸೊರಗುತ್ತವೆ. ಇಷ್ಟಾಗಿ ಮನೆಯ ಟ್ರಂಕನ್ನೂ ತೆರೆಯಿರಿ. ಅಜ್ಜಿ ಹೊಲಿದ ಬೊಂತೆ ಅಡಿಯಲ್ಲಿ ಇರಬಹುದು, ಅದರ ಬೆನ್ನನ್ನೂ ನೋಡಿ.

ಕೊಳ್ಳುವಾಗ ಹೊಲಿದವರು ಯಾರೆಂದು ಕೇಳಿ, ಎಷ್ಟು ದಿನ ಹಿಡಿಯಿತೆಂದು ಕೇಳಿ, ಆಮೇಲೆ ಬೆಲೆ ಮಾತಾಡಿ. ತೂಗುಹಾಕುವುದಾದರೆ ಮೊಳೆ ಬಡಿಯದೆ, ಹಿಂದಿನ ಮೇಲಂಚಿಗೆ ಬಟ್ಟೆಯ ಕೊಳವೆ ಹೊಲಿದು ಕೋಲು ತೂರಿಸಿ. ಬಿಸಿಲು ಬೀಳದ ಗೋಡೆ ಆರಿಸಿ. ಮಡಿಸಿಡುವುದಾದರೆ ಆಗಾಗ ಮಡಿಕೆ ಬದಲಿಸಿ. ಹೊಲಿದವರ ಹೆಸರು, ಊರು, ವರ್ಷವನ್ನು ಒಂದು ಬಟ್ಟೆಯ ಚೂರಿನಲ್ಲಿ ಬರೆದು ಹಿಂದಿನ ಮೂಲೆಗೆ ಹೊಲಿಯಿರಿ.