ಸಿನಿಮಾ ಬಿಟ್ಟುಹೋದ ಹೆಲಿಕಾಪ್ಟರ್

ಸುಧಾ ಕೊಂಗರ ನಿರ್ದೇಶಿಸಿದ ತಮಿಳು ಚಿತ್ರ 'ಸೂರರೈ ಪೋಟ್ರು' 2020ರ ನವೆಂಬರಿನಲ್ಲಿ ಬಂದಾಗ ಮನೆಯಲ್ಲೇ ಕೂತು ನೋಡಿದೆ. ಸಾಯುತ್ತಿರುವ ತಂದೆಯನ್ನು ನೋಡಲು ಹೊರಟ ಮಗ ಟಿಕೆಟ್ಟಿಗೆ ದುಡ್ಡು ಸಾಲದೆ ವಿಮಾನ ನಿಲ್ದಾಣದಲ್ಲಿ ಕಂಡಕಂಡವರ ಮುಂದೆ ಕೈಚಾಚುವ ದೃಶ್ಯದಲ್ಲಿ ನನ್ನ ಕಣ್ಣೂ ಒದ್ದೆಯಾಯಿತು. ಸೂರ್ಯ ಅವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ. ಆದರೂ ಚಿತ್ರ ಮುಗಿದ ಮೇಲೆ ಏನೋ ಕಳೆದುಹೋದ ಹಾಗೆ ಅನ್ನಿಸಿತು. ಚಿತ್ರಕ್ಕೆ ಆಧಾರವಾದ ಕ್ಯಾಪ್ಟನ್ ಗೋಪಿನಾಥರ 'ಸಿಂಪ್ಲಿ ಫ್ಲೈ'ಯನ್ನು ಕಪಾಟಿನಿಂದ ತೆಗೆದು ತಿರುವಿದಾಗ ಗೊತ್ತಾಯಿತು. ಹೆಲಿಕಾಪ್ಟರು ಕಳೆದುಹೋಗಿತ್ತು!

ನಮ್ಮ ಗೊರೂರು ಅಲ್ಲಿ ಶೋಳವಂದಾನ್ ಆಯಿತೆಂದು ನನಗೆ ಬೇಸರವಿಲ್ಲ. ಭೂಸೇನೆಯ ಕ್ಯಾಪ್ಟನ್ ವಾಯುಸೇನೆಯವನಾದದ್ದು, ಕರಿಯಂಗಿ ತೊಟ್ಟು ಸ್ವಾಭಿಮಾನ ಮದುವೆಯಾದದ್ದು, ಇವೆಲ್ಲ ತಮಿಳು ನೆಲದಲ್ಲಿ ಬೇರೂರಲು ಕಥೆ ಮಾಡಿಕೊಂಡ ಏರ್ಪಾಡು. ಜಾವಗಲ್ಲಿನ ರೇಷ್ಮೆ ತೋಟ ಹೋದದ್ದಕ್ಕೆ ಸ್ವಲ್ಪ ನೋವಾಯಿತು, ಇರಲಿ. ಆದರೆ ಏರ್ ಡೆಕ್ಕನ್ 2003ರಲ್ಲಿ ಹಾರುವುದಕ್ಕೆ ಆರು ವರ್ಷ ಮೊದಲೇ, 1997ರಲ್ಲಿ, ಗೋಪಿನಾಥರು ಕ್ಯಾಪ್ಟನ್ ಸ್ಯಾಮ್ಯುಯೆಲ್ ಅವರೊಡನೆ ಬೆಂಗಳೂರಿನ ಜಕ್ಕೂರಿನಿಂದ ಹೆಲಿಕಾಪ್ಟರುಗಳನ್ನು ಬಾಡಿಗೆಗೆ ಹಾರಿಸುತ್ತಿದ್ದರು. ಚಿತ್ರದಲ್ಲಿ ಅದರ ಸುಳಿವೇ ಇಲ್ಲ. 2024ರ ಹಿಂದಿ 'ಸರ್ಫಿರಾ'ದಲ್ಲೂ ಇಲ್ಲ.

ಏಕೆ ಬಿಟ್ಟರು? ಬಾಡಿಗೆ ಹಾರಾಟದ ಗಿರಾಕಿ ಬಡವನಲ್ಲ. ಚುನಾವಣೆಗೆ ಹೊರಟ ನಾಯಕ, ಅವಸರದಲ್ಲಿರುವ ಉದ್ಯಮಿ, ಗಣಿ ಕಂಪನಿ, ಇಂಥವರು. (ಜಕ್ಕೂರು ಎಂದಾಗ ಬೇರೊಂದು ನೆನಪೂ ಬರುತ್ತದೆ: 2004ರ ಏಪ್ರಿಲ್ 17ರಂದು ನಟಿ ಸೌಂದರ್ಯ ಚುನಾವಣಾ ಪ್ರಚಾರಕ್ಕೆಂದು ಹತ್ತಿದ ಪುಟ್ಟ ಸೆಸ್ನಾ ಅಲ್ಲೇ ಬಿತ್ತು.) ಹಾಗಾಗಿ ಶ್ರೀಮಂತರನ್ನೇ ಖಳರನ್ನಾಗಿ ಮಾಡಿಕೊಂಡ ಚಿತ್ರಕ್ಕೆ, ಶ್ರೀಮಂತರನ್ನು ಹೊತ್ತೊಯ್ದ ನಾಯಕ ಮುಜುಗರ ತಂದಿರಬೇಕೆಂದು ನನ್ನ ಅನುಮಾನ.

ನನಗಂತೂ ಕಥೆಯ ಸತ್ವ ಇರುವುದೇ ಅಲ್ಲಿ. ಈ ವ್ಯಾಪಾರದಲ್ಲಿ ಲೆಕ್ಕವೆಲ್ಲ ಗಂಟೆಗೆ. ಗಿರಾಕಿಯನ್ನು ಇಳಿಸಿ ಖಾಲಿ ವಾಪಸು ಬರುವ ಗಂಟೆಗೂ ಇಂಧನ ಸುಡುತ್ತದೆ. ಯಂತ್ರ ಶೆಡ್ಡಿನಲ್ಲಿ ನಿಂತರೂ ಪೈಲಟನ ಸಂಬಳ, ವಿಮೆ, ಸಾಲದ ಕಂತು ನಿಲ್ಲುವುದಿಲ್ಲ. ಬೇರೆಯವರು ಕೊಂಡ ವಿಮಾನವನ್ನು ನೋಡಿಕೊಂಡು, ಅವರಿಗೆ ಬೇಡವಾದ ದಿನ ಬಾಡಿಗೆಗೆ ಬಿಡುವ ಪದ್ಧತಿ ಈ ಕಸುಬಿನಲ್ಲಿ ಹುಟ್ಟಿದ್ದೂ ಅದಕ್ಕೇ. ನಿಂತ ವಿಮಾನ ನಷ್ಟ ಎಂಬ ಈ ಪಾಠ ತಾನೆ ಮುಂದೆ ಅಗ್ಗದ ವಿಮಾನಯಾನದ ಅಡಿಗಲ್ಲಾದದ್ದು? ಊಟವಿಲ್ಲ, ನೆಲದ ಮೇಲೆ ಆದಷ್ಟು ಕಡಿಮೆ ಹೊತ್ತು, ಮುಂಚಿತವಾಗಿ ಕೊಂಡ ಕೆಲವರಿಗೆ ಒಂದು ರೂಪಾಯಿ, ಕೊನೆಗೆ ಬಂದವನಿಗೆ ಹೆಚ್ಚು ಬೆಲೆ. ಚಿತ್ರದಲ್ಲಿ ಒಂದು ರೂಪಾಯಿಯ ಟಿಕೆಟ್ಟು ಬರೀ ನಾಯಕನ ಹಟದಿಂದ ಹುಟ್ಟಿದಂತೆ ಕಾಣುತ್ತದೆ. ಪುಸ್ತಕದಲ್ಲಿ ಹೆಲಿಕಾಪ್ಟರಿನಿಂದ ಕೆಳಗೆ ನೋಡಿದ ಗೋಪಿನಾಥರಿಗೆ ಹಳ್ಳಿಯ ಮನೆಗಳ ಮೇಲೆ ಟಿವಿ ಆಂಟೆನಾಗಳು ಕಾಣುತ್ತವೆ. ಇಷ್ಟು ಕೊಳ್ಳಬಲ್ಲವರು ಹಾರಲಾರರೇ ಎಂಬ ಯೋಚನೆ ಹುಟ್ಟುತ್ತದೆ. ಸಿರಿವಂತರ ವಾಹನದ ಕಿಟಕಿಯಿಂದ ಕಂಡ ಬಡವರ ಸೂರು! ಇಂಥ ದೃಶ್ಯವನ್ನು ಕೈಬಿಡಲು ಒಬ್ಬ ನಿರ್ದೇಶಕಿಗೆ ಹೇಗೆ ಮನಸ್ಸು ಬಂತೋ.

ಪುಸ್ತಕವೂ ನಿರ್ದೋಷವಲ್ಲ. ಅಲ್ಲಲ್ಲಿ ಅದು ಆಡಳಿತ ಶಾಲೆಯ ಭಾಷಣದ ಧಾಟಿಗೆ ಜಾರುತ್ತದೆ. ಆದರೆ ಪರವಾನಗಿಗಾಗಿ ಕಚೇರಿಯಿಂದ ಕಚೇರಿಗೆ ಅಲೆದ ಪುಟಗಳಲ್ಲಿ ಬದುಕಿನ ವಾಸನೆಯಿದೆ.

ಚಿತ್ರ ಗೆಲುವಿನಲ್ಲಿ ಮುಗಿಯುತ್ತದೆ. ಹೊರಗೆ ನಡೆದದ್ದು ಬೇರೆ. 2007ರಲ್ಲಿ ಏರ್ ಡೆಕ್ಕನ್ನಿನಲ್ಲಿ ಮಲ್ಯರ ಗುಂಪು ಪಾಲು ಕೊಂಡಿತು, 2008ರಲ್ಲಿ ಅದು ಕಿಂಗ್‌ಫಿಶರಿನಲ್ಲಿ ಸೇರಿಹೋಯಿತು, 2012ರಲ್ಲಿ ಕಿಂಗ್‌ಫಿಶರೇ ನೆಲಕಚ್ಚಿತು. ಉಳಿದದ್ದು ಬಾಡಿಗೆ ಹಾರಾಟದ ಕಂಪನಿ. 2017ರ ಕೊನೆಯಲ್ಲಿ ಏರ್ ಡೆಕ್ಕನ್ ಎಂಬ ಹೆಸರು ಮತ್ತೆ ಆಕಾಶಕ್ಕೇರಿದ್ದು ಅದರ ಹೆಗಲ ಮೇಲೆಯೇ. 2020ರ ಏಪ್ರಿಲಿನಲ್ಲಿ, ಕೊರೋನಾ ಕಾಲದಲ್ಲಿ, ಅದೂ ನಿಂತಿತು. ಚಿತ್ರ ಬಂದದ್ದು ಅದೇ ವರ್ಷ.