ಎಳೆದರೆ ಬಿಟ್ಟುಕೊಡುವ ಅಚ್ಚು

ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿ 13ನೇ ಶತಮಾನದ ಚೆನ್ನಕೇಶವ ದೇಗುಲವಿದೆ. ಹೊನ್ನೋಜನೆಂಬ ಶಿಲ್ಪಿಯ ಕೆಲಸ. ಬಳಪದ ಕಲ್ಲಿನ ಆ ವಿಗ್ರಹಗಳಲ್ಲಿ ಹಾರ, ಕಡಗಗಳನ್ನು ಎಷ್ಟು ಆಳಕ್ಕೆ ಬಿಡಿಸಿದ್ದಾರೆಂದರೆ ಒಡವೆಯ ಹಿಂದೆ ನೆರಳು ಕೂರುತ್ತದೆ. ಅಂಥದ್ದೊಂದು ಪುಟ್ಟ ಮೂರ್ತಿಯನ್ನು ಜೇಡಿಯಲ್ಲಿ ಮಾಡಿ ಮೇಣದಲ್ಲಿ ಎರೆಯಹೊರಟವರಿಗೆ ಆ ನೆರಳಿನ ಜಾಗವೇ ಪರೀಕ್ಷೆ. ಪಿಒಪಿ ಅಚ್ಚು ಅಲ್ಲಿ ಸಿಕ್ಕಿಕೊಳ್ಳುತ್ತದೆ. ಬಿಡಿಸಹೋದರೆ ಅಚ್ಚೋ ಮೂರ್ತಿಯೋ ಒಡೆಯುತ್ತದೆ. ಸಿಲಿಕೋನ್ ರಬ್ಬರ್ ಹಾಗಲ್ಲ. ಎಳೆದರೆ ಹಿಗ್ಗಿ ಹೊರಬರುತ್ತದೆ, ಮತ್ತೆ ತನ್ನ ಆಕಾರಕ್ಕೆ ಮರಳುತ್ತದೆ.

ಈ ರಬ್ಬರಿನಲ್ಲಿ ಮುಖ್ಯವಾಗಿ ಎರಡು ಬಗೆ. ತವರದ ಸಂಯುಕ್ತದಿಂದ ಗಟ್ಟಿಯಾಗುವುದು ಅಗ್ಗ, ಹೆಚ್ಚಿನ ಜೇಡಿಗಳಿಗೂ ಒಗ್ಗುತ್ತದೆ. ಆದರೆ ತುಸು ಕುಗ್ಗುತ್ತದೆ, ವರ್ಷ ಕಳೆದಂತೆ ಹರಿಯತೊಡಗುತ್ತದೆ. ಪ್ಲಾಟಿನಂ ಬಗೆಯದು ಕುಗ್ಗುವುದು ತೀರಾ ಕಡಿಮೆ. ಅದಕ್ಕೆ ಗಂಧಕ ಆಗದು: ಗಂಧಕ ಬೆರೆತ ಎಣ್ಣೆಜೇಡಿಯ ಮೇಲೆ ಸುರಿದರೆ, ಲ್ಯಾಟೆಕ್ಸ್ ಕೈಗವಸು ತಾಗಿದರೆ, ಅಂಟಂಟಾಗಿಯೇ ಉಳಿಯುತ್ತದೆ. ಕಲಿಯುವವರಿಗೆ ತವರದ್ದೇ ಸರಿ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯವರು ಮೂಲಕೃತಿಗೆ ದೂರ ಹೋಗಬೇಕಿಲ್ಲ. ಉಂಡೆ ಕೊಬ್ಬರಿ ತೆಗೆದಾದ ಮೇಲೆ ಕರಟದ ಚೂರು ಬೇಕಾದಷ್ಟು. ಬಲಿತ ಕರಟ ಸಣ್ಣ ಗೆರೆಯನ್ನೂ ಹಿಡಿಯುತ್ತದೆ, ಉಜ್ಜಿದರೆ ಹೊಳೆಯುತ್ತದೆ. ಪದಕದಷ್ಟು ಉಬ್ಬುಶಿಲ್ಪಕ್ಕೆ ಹೇಳಿ ಮಾಡಿಸಿದ್ದು. ಅರಗಿನ ವಾರ್ನಿಷ್ ಹಚ್ಚಿ ಅದರ ರಂಧ್ರ ಮುಚ್ಚಬೇಕು, ಇಲ್ಲವಾದರೆ ಒಳಗಿನ ಗಾಳಿ ರಬ್ಬರಿನಲ್ಲಿ ಗುಳ್ಳೆಯಾಗುತ್ತದೆ.

ರಬ್ಬರನ್ನು ಗಟ್ಟಿಯಾಗಿಸುವ ಹಾರ್ಡನರ್ ಅನ್ನು ಕಣ್ಣಂದಾಜಿನಲ್ಲಿ ಬೆರೆಸುವುದು ತಪ್ಪು. ತಕ್ಕಡಿಯಲ್ಲಿ ತೂಗಿಯೇ ಬೆರೆಸಬೇಕು. ಮೂರ್ತಿಯ ಮುಖ ಉಳಿಯುವುದೂ ಕೆಡುವುದೂ ಮೊದಲ ಲೇಪದಲ್ಲಿ. ಅದನ್ನು ಬ್ರಷ್‌ನಿಂದ ತೆಳ್ಳಗೆ, ಮೂಲೆಮೂಲೆಗೂ ಹಚ್ಚಿ, ಮಿಕ್ಕಿದ್ದನ್ನು ಒಂದೇ ಕಡೆಯಿಂದ ಸಣ್ಣ ಧಾರೆಯಾಗಿ ಎತ್ತರದಿಂದ ಬಿಟ್ಟರೆ ಗುಳ್ಳೆಗಳು ದಾರಿಯಲ್ಲೇ ಒಡೆಯುತ್ತವೆ. ತೆಳು ರಬ್ಬರ್ ತಾನಾಗಿ ನಿಲ್ಲದು. ಹೊರಗಿನಿಂದ ಗಟ್ಟಿ ಕವಚ ಬೇಕು. ಪಿಒಪಿಗೆ ತಕ್ಕ ಕೆಲಸ ಅದು.

ಜೇನುಮೇಣ ಕರಗುವುದು ಸುಮಾರು 63 ಡಿಗ್ರಿ ಸೆಲ್ಸಿಯಸ್‌ನಲ್ಲಿ. ರಬ್ಬರ್ 200 ಡಿಗ್ರಿಯ ಆಸುಪಾಸಿನವರೆಗೂ ತಾಳುತ್ತದೆ. ಹಾಗೆಂದು ಮೇಣವನ್ನು ಕುದಿಕುದಿ ಸುರಿಯಬಾರದು. ಬಿಸಿ ಹೆಚ್ಚಿದಷ್ಟೂ ಆರುವಾಗ ಕುಗ್ಗುವುದು ಹೆಚ್ಚು. ಸುರಿದು, ಅಚ್ಚನ್ನು ತಿರುಗಿಸಿ, ಉಳಿದದ್ದನ್ನು ಹೊರಚೆಲ್ಲಿ, ಮತ್ತೆ ಸುರಿಯುತ್ತ ಹೋದರೆ ಒಳಗೆ ಪೊಳ್ಳಾದ ತೆಳು ಮೂರ್ತಿ ಸಿಗುತ್ತದೆ. ಲೋಹಕ್ಕೆ ಎರೆಯುವವರಿಗೆ ಅದು ದೊಡ್ಡ ಉಳಿತಾಯ.

ಮೇಣ ಕರಗಿಸಿ ಲೋಹ ಎರೆಯುವ ವಿದ್ಯೆ ಕನ್ನಡ ನಾಡಿಗೆ ಹಳೆಯದು. ಕಲ್ಯಾಣದ ಚಾಲುಕ್ಯ ಅರಸ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಮಾನಸೋಲ್ಲಾಸದಲ್ಲಿ ಅದನ್ನು ವಿವರಿಸಿದ್ದಾನೆ: ಮೇಣದ ತೂಕದ 12 ಪಟ್ಟು ಬೆಳ್ಳಿ, 16 ಪಟ್ಟು ಚಿನ್ನ. ತುರುವೇಕೆರೆಯ ನೆರೆಯ ನಾಗಮಂಗಲವೂ ಲೋಹಶಿಲ್ಪಕ್ಕೆ ಹೆಸರಾದ ಊರು. ಈ ಪದ್ಧತಿಯಲ್ಲಿ ಎರಕ ಕೆಟ್ಟರೆ ಮೇಣದ ಮೂರ್ತಿಯೂ ಹೋಯಿತು. ರಬ್ಬರ್ ಅಚ್ಚು ಕೈಯಲ್ಲಿದ್ದರೆ ಮರುದಿನವೇ ಇನ್ನೊಂದು ಮೇಣ ತೆಗೆಯಬಹುದು.

ಈ ಅನುಕೂಲದ ಉತ್ಸಾಹದಲ್ಲಿ ಯಾರೂ ದೇಗುಲದ ಕಲ್ಲಿಗೆ ರಬ್ಬರ್ ಹಚ್ಚಬಾರದು. ಸಿಲಿಕೋನಿನ ಎಣ್ಣೆ ಕಲ್ಲಿಗಿಳಿದರೆ ಕಲೆ ಉಳಿದುಬಿಡುತ್ತದೆ. ಅರಳಗುಪ್ಪೆಗೆ ಹೋಗುವವರು ಪೆನ್ಸಿಲ್, ಕಾಗದ ಒಯ್ಯಲಿ. ಜೇಡಿಯನ್ನು ಮನೆಯಲ್ಲಿ ಕಲಸಲಿ.